ಗರ್ಭನಿರೋಧಕ ಗುಳಿಗೆ ಮತ್ತು ಋತುಕ್ರಮದ ವ್ಯತ್ಯಾಸ: ಒಂದು ಸಮೀಕ್ಷೆ

ಗರ್ಭನಿರೋಧಕ ಗುಳಿಗೆಯನ್ನು ಹೊಸದಾಗಿ ಸೇವಿಸತೊಡಗಿದ ಸ್ತ್ರೀಯರಲ್ಲಿ ಅನೇಕರು ಮೊದಲ ಎರಡು ಮೂರು ತಿಂಗಳುಗಳಲ್ಲಿ ಒಂದೇ ಬಗೆಯ ಕಳವಳಕ್ಕೆ ಗುರಿಯಾಗುತ್ತಾರೆ. ಮುಟ್ಟಿನ ದಿನ ಇನ್ನೂ ದೂರವಿರುವಾಗಲೇ ಬಟ್ಟೆಯ ಮೇಲೆ ಕಲೆ ಕಾಣಿಸಿಕೊಳ್ಳುತ್ತದೆ. ಇಲ್ಲವೆ ನಾಲ್ಕು ದಿನಕ್ಕೆ ನಿಲ್ಲಬೇಕಾದ ಸ್ರಾವ ವಾರ ಕಳೆದರೂ ಸ್ವಲ್ಪಸ್ವಲ್ಪವಾಗಿ ಮುಂದುವರಿಯುತ್ತದೆ. ಇಲ್ಲವೆ ಬರಬೇಕಾದ ತಿಂಗಳಿನಲ್ಲಿ ಏನೂ ಬಾರದೆ ಹೋಗುತ್ತದೆ. ಇದಕ್ಕೆ ಕಾರಣವೇನೆಂದು ಕೇಳಲು ಸಂಕೋಚಪಟ್ಟು, ಕೇಳಿದರೂ ಸಮರ್ಪಕವಾದ ಉತ್ತರ ದೊರೆಯದೆ, "ಮಾತ್ರೆ ನನ್ನ ಮೈಗೆ ಒಗ್ಗಲಿಲ್ಲ, ಬಹಳ ಉಷ್ಣ" ಎಂದು ತಮಗೆ ತಾವೇ ತೀರ್ಮಾನಿಸಿಕೊಂಡು, ಅರ್ಧ ಮುಗಿದ ಪಟ್ಟಿಯನ್ನು ಬೀರುವಿನ ಮೂಲೆಗೆ ಸೇರಿಸಿಬಿಡುವ ಗೃಹಿಣಿಯರ ಸಂಖ್ಯೆ ನಮ್ಮಲ್ಲಿ ಅಲ್ಪವೇನಲ್ಲ. ಈ ವ್ಯತ್ಯಾಸವು ರೋಗವೋ ಅಲ್ಲವೋ, ಯಾವಾಗ ಸಹಿಸಬೇಕು, ಯಾವಾಗ ವೈದ್ಯರ ಬಳಿಗೆ ಧಾವಿಸಬೇಕು ಎಂಬ ಪ್ರಶ್ನೆಗಳನ್ನು ವಿಜ್ಞಾನವೂ ಚರಿತ್ರೆಯೂ ನಮ್ಮ ಸಮಾಜದ ಅನುಭವವೂ ಸೇರಿ ಹೇಗೆ ಉತ್ತರಿಸುತ್ತವೆ ಎಂಬುದನ್ನು ಸಮಗ್ರವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಶರೀರಧರ್ಮವನ್ನು ನೋಡೋಣ. ಸ್ವಾಭಾವಿಕವಾದ ಋತುಚಕ್ರದ ಪೂರ್ವಾರ್ಧದಲ್ಲಿ ಅಂಡಾಶಯವು ಸ್ರವಿಸುವ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಪ್ರಭಾವದಿಂದ ಗರ್ಭಾಶಯದ ಒಳಪದರವು ದಪ್ಪನಾಗಿ ಬೆಳೆಯುತ್ತದೆ. ಅಂಡವು ಬಿಡುಗಡೆಯಾದ ತರುವಾಯ ಪ್ರೊಜೆಸ್ಟರೋನ್ ಎಂಬ ಮತ್ತೊಂದು ಹಾರ್ಮೋನು ಆ ಪದರವನ್ನು ಭ್ರೂಣಧಾರಣೆಗೆ ಸಜ್ಜುಗೊಳಿಸುತ್ತದೆ. ಗರ್ಭ ನಿಲ್ಲದೆ ಹೋದಾಗ ಎರಡೂ ಇಳಿಮುಖವಾಗಿ, ಬೆಳೆದ ಪದರವೆಲ್ಲ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಗುಳಿಗೆ ಸೇವಿಸುವವಳಲ್ಲಿ ಈ ಏರಿಳಿತವಿಲ್ಲ. ಈ ಎರಡು ಹಾರ್ಮೋನುಗಳ ಕೃತಕ ರೂಪಗಳು ಪ್ರತಿದಿನವೂ ಒಂದೇ ಪ್ರಮಾಣದಲ್ಲಿ ದೇಹಕ್ಕೆ ಸಲ್ಲುವುದರಿಂದ ಪಿಟ್ಯುಟರಿ ಗ್ರಂಥಿಯು ಅಂಡಾಶಯಕ್ಕೆ ಕಳುಹಿಸುವ ಪ್ರಚೋದನೆ ಅಡಗುತ್ತದೆ, ಅಂಡವು ಬಿಡುಗಡೆಯಾಗುವುದಿಲ್ಲ, ಗರ್ಭಾಶಯದ ಒಳಪದರವು ಹಿಂದಿನಂತೆ ಬೆಳೆಯದೆ ತೆಳುವಾಗಿಯೇ ಉಳಿಯುತ್ತದೆ. ಹೀಗೆ ತೆಳುವಾದ ಪದರದಲ್ಲಿ ರಕ್ತನಾಳಗಳೂ ಸೂಕ್ಷ್ಮವಾಗಿ, ಮೇಲ್ಭಾಗಕ್ಕೆ ಹತ್ತಿರವಾಗಿರುವುದರಿಂದ, ತೆಳುವಾಗಿ ಬಳಿದ ಗೋಡೆಯ ಗಾರೆ ಅಲ್ಲಲ್ಲಿ ಉದುರುವಂತೆ, ಅದು ನಿಯತಕಾಲವನ್ನು ಕಾಯದೆ ಆಗಾಗ ಸಣ್ಣದಾಗಿ ಬಿರಿದು ರಕ್ತ ಕಾಣಿಸಿಕೊಳ್ಳುತ್ತದೆ. ಹೊಸ ಪರಿಸ್ಥಿತಿಗೆ ಈ ಪದರವು ಹೊಂದಿಕೊಂಡು ಸ್ಥಿರಗೊಳ್ಳಲು ಸಾಮಾನ್ಯವಾಗಿ ಮೂರು ತಿಂಗಳು ಬೇಕು. ಮೊದಲ ತಿಂಗಳಿನಲ್ಲಿ ನೂರರಲ್ಲಿ 10ರಿಂದ 30 ಮಂದಿಗೆ ಇಂಥ ಮಧ್ಯಸ್ರಾವ ಉಂಟಾಗುವುದೆಂದೂ, ಮೂರನೆಯ ತಿಂಗಳಿನ ವೇಳೆಗೆ ಈ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿಯುವುದೆಂದೂ ವೈದ್ಯಗ್ರಂಥಗಳು ಹೇಳುತ್ತವೆ. ಅಂದಮೇಲೆ ಆರಂಭದ ಈ ಸ್ರಾವವು ಗರ್ಭಾಶಯ ಕೆಟ್ಟಿತೆಂಬುದರ ಲಕ್ಷಣವಲ್ಲ. ಗುಳಿಗೆ ತಪ್ಪದೆ ಸೇವಿಸಿದ ಪಕ್ಷದಲ್ಲಿ ಅದರ ರಕ್ಷಣೆ ಕುಂದಿತೆಂಬುದರ ಸೂಚನೆಯೂ ಅಲ್ಲ.

ಗುಳಿಗೆಯ ಚರಿತ್ರೆಯನ್ನು ಅವಲೋಕಿಸಿದರೆ, ಈ ಮಧ್ಯಸ್ರಾವದ ಸಮಸ್ಯೆಯು ಅದರ ಹುಟ್ಟಿನೊಡನೆಯೇ ಹುಟ್ಟಿದ್ದೆಂಬುದು ಸ್ಪಷ್ಟವಾಗುತ್ತದೆ. 1950ರ ದಶಕದಲ್ಲಿ ಸಂತಾನ ನಿಯಂತ್ರಣದ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ಅವರ ಪ್ರೇರಣೆಯಿಂದಲೂ ಕ್ಯಾಥರೀನ್ ಮೆಕಾರ್ಮಿಕ್ ಅವರ ಧನಸಹಾಯದಿಂದಲೂ ಗ್ರೆಗರಿ ಪಿಂಕಸ್, ಎಂ. ಸಿ. ಚಾಂಗ್ ಎಂಬ ವಿಜ್ಞಾನಿಗಳೂ ಜಾನ್ ರಾಕ್ ಎಂಬ ಸ್ತ್ರೀರೋಗತಜ್ಞರೂ ಅಮೆರಿಕದಲ್ಲಿ ಈ ಸಂಶೋಧನೆಯನ್ನು ಕೈಗೊಂಡರು. ಮೊದಮೊದಲು ಎಡೆಬಿಡದೆ ಪ್ರೊಜೆಸ್ಟರೋನ್ ಕೊಟ್ಟಾಗ ಮುಟ್ಟು ನಿಂತು, ತಾವು ಗರ್ಭಿಣಿಯರಾದೆವೆಂದು ಸ್ತ್ರೀಯರು ಭ್ರಮೆಗೊಂಡುದನ್ನು ಕಂಡು, ಇಪ್ಪತ್ತು ದಿನ ಔಷಧ ಕೊಟ್ಟು ಆಮೇಲೆ ಕೆಲವು ದಿನ ನಿಲ್ಲಿಸುವ ಕ್ರಮವನ್ನು ಅವರು ರೂಢಿಸಿದರು. ಇಂದಿಗೂ ಗುಳಿಗೆಯ ಬಿಡುವಿನ ವಾರದಲ್ಲಿ ಬರುವ ಸ್ರಾವವು ನಿಜವಾದ ಮುಟ್ಟಲ್ಲ. ಹಾರ್ಮೋನು ನಿಂತುದರ ಪರಿಣಾಮವಾಗಿ ಬರುವ ಸ್ರಾವ ಮಾತ್ರ. ಮಾಸಿಕ ಸ್ರಾವ ಕಣ್ಣಿಗೆ ಕಾಣಿಸಿದರೆ ಮನಸ್ಸಿಗೆ ನೆಮ್ಮದಿಯುಂಟಾಗುವುದೆಂಬ ವಿಚಾರವೂ ಈ ಏರ್ಪಾಡಿನ ಹಿಂದೆ ಇದ್ದಿತು.

ಇನ್ನೂ ಗಮನಾರ್ಹವಾದುದು ಮತ್ತೊಂದು ಸಂಗತಿ. ಪ್ರಯೋಗಕ್ಕೆ ಬಂದ ನಾರೆಥಿನೊಡ್ರೆಲ್ ಎಂಬ ಪ್ರೊಜೆಸ್ಟರೋನ್ ಜಾತಿಯ ಔಷಧದಲ್ಲಿ ತಯಾರಿಕೆಯ ದೋಷದಿಂದ ಮೆಸ್ಟ್ರನಾಲ್ ಎಂಬ ಈಸ್ಟ್ರೋಜೆನ್ ಅತ್ಯಲ್ಪವಾಗಿ ಬೆರೆತಿದ್ದಿತು. ಅದನ್ನು ಶುದ್ಧೀಕರಿಸಿ ತೆಗೆದುಹಾಕಿದೊಡನೆ ಸೇವಿಸುವವರಲ್ಲಿ ಅಕಾಲಸ್ರಾವ ಹೆಚ್ಚಿತು. ಕಲ್ಮಷವೆಂದು ಎಣಿಸಿದ ವಸ್ತುವೇ ಗರ್ಭಾಶಯದ ಪದರವನ್ನು ಭದ್ರವಾಗಿ ಹಿಡಿದಿತ್ತೆಂಬುದನ್ನು ಅರಿತು ಸಂಶೋಧಕರು ಅದನ್ನು ಉದ್ದೇಶಪೂರ್ವಕವಾಗಿಯೇ ಉಳಿಸಿಕೊಂಡರು. ಸ್ತ್ರೀಯರ ಮಧ್ಯಸ್ರಾವವನ್ನು ಗಮನಿಸಿದುದರಿಂದಲೇ ಎರಡು ಹಾರ್ಮೋನುಗಳ ಸಂಯುಕ್ತ ಗುಳಿಗೆ ರೂಪುಗೊಂಡಿತೆಂದರೆ ಅತಿಶಯೋಕ್ತಿಯಾಗದು.

ಆದರೆ ಅದೇ ಚರಿತ್ರೆಯಲ್ಲಿ ಗಮನಿಸದೆ ಹೋದ ಅಧ್ಯಾಯವೂ ಒಂದುಂಟು. 1956ರಲ್ಲಿ ಪೋರ್ಟೊ ರಿಕೊ ದ್ವೀಪದ ಬಡ ಸ್ತ್ರೀಯರ ಮೇಲೆ ಈ ಗುಳಿಗೆಯ ವಿಸ್ತೃತ ಪರೀಕ್ಷೆ ಆರಂಭವಾಯಿತು. ತಾವು ಪ್ರಯೋಗವೊಂದರ ಭಾಗವೆಂಬುದನ್ನು ಅವರಿಗೆ ಸಮರ್ಪಕವಾಗಿ ತಿಳಿಸಿರಲಿಲ್ಲ. ಪರೀಕ್ಷೆಯ ಹೊಣೆ ಹೊತ್ತಿದ್ದ ವೈದ್ಯೆ ಎಡ್ರಿಸ್ ರೈಸ್-ರೇ ಅವರು, ಗುಳಿಗೆಯು ಗರ್ಭವನ್ನು ಸಂಪೂರ್ಣವಾಗಿ ತಡೆಯುತ್ತದೆಯಾದರೂ ನೂರಕ್ಕೆ 17 ಮಂದಿಯಲ್ಲಿ ತಲೆಸುತ್ತು, ವಾಕರಿಕೆ, ತಲೆನೋವು ಮೊದಲಾದ ತೊಂದರೆಗಳು ಕಂಡುಬಂದುದರಿಂದ ಸಾರ್ವತ್ರಿಕವಾಗಿ ಅಂಗೀಕರಿಸಲು ಅದು ಯೋಗ್ಯವಲ್ಲವೆಂದು ವರದಿಮಾಡಿದರು. ಪಿಂಕಸ್ ಮುಂತಾದವರು ಈ ದೂರುಗಳಲ್ಲಿ ಬಹುಭಾಗ ಮನಸ್ಸಿನ ಕಲ್ಪನೆಯೆಂದು ಬದಿಗೆ ಸರಿಸಿದರು. ಎನೋವಿಡ್ ಎಂಬ ಹೆಸರಿನ ಆ ಗುಳಿಗೆ 1957ರಲ್ಲಿ ಮುಟ್ಟಿನ ದೋಷಗಳ ಚಿಕಿತ್ಸೆಗೂ 1960ರಲ್ಲಿ ಗರ್ಭನಿರೋಧಕ್ಕೂ ಅಮೆರಿಕದ ಅನುಮತಿ ಪಡೆಯಿತು. ಕಾಲಕ್ರಮದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಪ್ರಕಟವಾಗಿ, 1970ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಬಹಿರಂಗ ವಿಚಾರಣೆ ನಡೆದು, ಗುಳಿಗೆಯ ಜೊತೆಗೆ ಅದರ ಅಪಾಯಗಳನ್ನು ತಿಳಿಸುವ ಪತ್ರವನ್ನು ಇಡಬೇಕೆಂಬ ನಿಯಮ ಬರುವವರೆಗೂ ಸೇವಿಸುವವಳಿಗೆ ತಿಳಿಸಿ ಹೇಳುವ ಪದ್ಧತಿಯೇ ಇರಲಿಲ್ಲ.

ಈ ಅಪಾಯವನ್ನು ತಗ್ಗಿಸಲು ಈಸ್ಟ್ರೋಜೆನ್ ಪ್ರಮಾಣವನ್ನು ಕ್ರಮೇಣ ಇಳಿಸಲಾಯಿತು. ಮೊದಲ ಎನೋವಿಡ್‌ನಲ್ಲಿ 150 ಮೈಕ್ರೋಗ್ರಾಂ ಮೆಸ್ಟ್ರನಾಲ್ ಇದ್ದಿತು. ಇಂದಿನ ಗುಳಿಗೆಗಳಲ್ಲಿ ಬಹುಮಟ್ಟಿಗೆ 30 ಅಥವಾ 20 ಮೈಕ್ರೋಗ್ರಾಂ ಎಥಿನೈಲ್ ಈಸ್ಟ್ರಾಡಿಯಾಲ್ ಎಂಬ ಈಸ್ಟ್ರೋಜೆನ್ ಇರುತ್ತದೆ. ಪ್ರಮಾಣ ಕಡಿಮೆಯಾದಷ್ಟೂ ರಕ್ತನಾಳಗಳ ಅಪಾಯ ಕಡಿಮೆ, ಆದರೆ ಗರ್ಭಾಶಯದ ಪದರಕ್ಕೆ ದೊರೆಯುವ ಆಧಾರವೂ ಕಡಿಮೆ. ಆದುದರಿಂದಲೇ 20 ಮೈಕ್ರೋಗ್ರಾಂ ಗುಳಿಗೆಯಲ್ಲಿ ಮಧ್ಯಸ್ರಾವ 30 ಮೈಕ್ರೋಗ್ರಾಂ ಗುಳಿಗೆಗಿಂತ ಹೆಚ್ಚು. ಆರಂಭದ ತಿಂಗಳುಗಳ ಕಲೆಯು ಒಂದರ್ಥದಲ್ಲಿ ಸುರಕ್ಷತೆಗಾಗಿ ತೆತ್ತ ಬೆಲೆ. ಈ ಒಂದು ಮಾತು ತಿಳಿದಿದ್ದರೆ ಎಷ್ಟೋ ಮಂದಿಯ ಭಯ ಅರ್ಧಕ್ಕರ್ಧ ಇಳಿದೀತು.

ನಮ್ಮ ನಾಡಿಗೆ ಸಂತಾನ ನಿಯಂತ್ರಣದ ವಿಚಾರ ಹೊಸದಲ್ಲ. ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೇ ನಡೆಸಿದ ಇಂತಹ ಸಂಸ್ಥೆಗಳಲ್ಲಿ ಜಗತ್ತಿನಲ್ಲೇ ಮೊದಲಿನವೆಂದು ಅವು ಎಣಿಕೆಗೆ ಬಂದಿವೆ. 1950ರ ದಶಕದ ಆದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ದಿನಗಣನೆಯ ಪದ್ಧತಿಯನ್ನು ಪ್ರಯೋಗಿಸಿದಾಗ, ಸುರಕ್ಷಿತ ದಿನಗಳನ್ನು ಗುರುತಿಸಲು ಹಳ್ಳಿಯ ಸ್ತ್ರೀಯರ ಕೈಗೆ ಬಣ್ಣಬಣ್ಣದ ಮಣಿಗಳ ಸರಗಳನ್ನು ಕೊಡಲಾಗಿತ್ತು. ಋತುಚಕ್ರವು ನಿಯತವಾಗಿರುವವರಿಗೆ ಮಾತ್ರವೇ ಅಂಥ ಗಣನೆ ಫಲಕಾರಿ. ಬಾಣಂತಿಯರಿಗೂ ಚಕ್ರ ಏರುಪೇರಾಗುವವರಿಗೂ ಅದು ನಿಷ್ಪ್ರಯೋಜಕವಾಯಿತು. ಆಮೇಲೆ ಬಂದ ಗುಳಿಗೆಗೆ ಈ ದೌರ್ಬಲ್ಯವಿರಲಿಲ್ಲ. ಹಾಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 38ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದರೆ, ಗುಳಿಗೆಯನ್ನು ಬಳಸುವವರು 5ರಷ್ಟು ಮಾತ್ರ. ಕರ್ನಾಟಕದಲ್ಲಂತೂ ಅರ್ಧಕ್ಕಿಂತ ಹೆಚ್ಚು ವಿವಾಹಿತೆಯರು ಆಪರೇಷನ್ ಮಾಡಿಸಿಕೊಂಡವರು. ಇದಕ್ಕೆ ಕಾರಣಗಳು ಹಲವಾದರೂ, ಬೇಕೆಂದಾಗ ನಿಲ್ಲಿಸಬಹುದಾದ ಉಪಾಯವೊಂದರ ಮೇಲೆ ನಂಬಿಕೆ ಬೇರೂರದಿರುವುದೂ ಅವುಗಳಲ್ಲೊಂದೆಂದು ನಾನು ಭಾವಿಸುತ್ತೇನೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿಯೂ ಆಶಾ ಕಾರ್ಯಕರ್ತೆಯ ಚೀಲದಲ್ಲಿಯೂ ದೊರೆಯುವ ಮಾಲಾ-ಎನ್ ಎಂಬ ಗುಳಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ವಿಷಯ ಇನ್ನಷ್ಟು ವಿಶದವಾಗುತ್ತದೆ. ಒಟ್ಟು 28 ಗುಳಿಗೆಗಳು. ಇವುಗಳಲ್ಲಿ 21 ಬಿಳಿಯವು, ಪ್ರತಿಯೊಂದರಲ್ಲಿಯೂ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟರೋನ್ ಜಾತಿಯ ಹಾರ್ಮೋನು, 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಾಡಿಯಾಲ್. ಉಳಿದ ಏಳು ಬಣ್ಣದವು; ಅವುಗಳಲ್ಲಿ ಹಾರ್ಮೋನಿಲ್ಲ, ಕಬ್ಬಿಣದ ಅಂಶ ಮಾತ್ರ. ಬಾಣದ ಗುರುತನ್ನು ಅನುಸರಿಸಿ ದಿನಕ್ಕೊಂದರಂತೆ, ಸಾಧ್ಯವಾದಷ್ಟೂ ಒಂದೇ ಹೊತ್ತಿನಲ್ಲಿ, ರಾತ್ರಿ ಊಟದ ನಂತರವೆಂದೋ ಮಲಗುವ ಮುನ್ನವೆಂದೋ ನಿಶ್ಚಯಿಸಿಕೊಂಡು ನುಂಗುತ್ತ ಹೋಗಬೇಕು. ಬಣ್ಣದ ಗುಳಿಗೆಗಳ ದಿನಗಳಲ್ಲಿ ಸ್ರಾವ ಬರುತ್ತದೆ. ಅವು ಮುಗಿದ ಮರುದಿನವೇ, ಸ್ರಾವ ನಿಲ್ಲಲಿ ಬಿಡಲಿ, ಹೊಸ ಪಟ್ಟಿಯ ಮೊದಲ ಗುಳಿಗೆ. ಕಬ್ಬಿಣದ ಗುಳಿಗೆ ಬೇಡವೆಂದು ಬಿಟ್ಟು, ದಿನದ ಲೆಕ್ಕ ತಪ್ಪಿ, ಹೊಸ ಪಟ್ಟಿಯನ್ನು ಎರಡು ಮೂರು ದಿನ ತಡವಾಗಿ ಆರಂಭಿಸುವುದು ಬಹು ಸಾಮಾನ್ಯವಾದ ಪ್ರಮಾದ. ಬಿಡುವು ಏಳು ದಿನವನ್ನು ಮೀರಿದರೆ ಅಂಡಾಶಯ ಮತ್ತೆ ಎಚ್ಚರಗೊಳ್ಳುವುದರಿಂದ, ಅಕಾಲಸ್ರಾವದೊಡನೆ ಗರ್ಭದ ಸಂಭವವೂ ಕೂಡಿಬರುತ್ತದೆ.

ವಾಸ್ತವವಾಗಿ ಅಕಾಲಸ್ರಾವಕ್ಕೆ ಅತ್ಯಂತ ಸಾಮಾನ್ಯವಾದ ಕಾರಣ ಗುಳಿಗೆ ಮರೆಯುವುದೇ. ಒಂದು ತಪ್ಪಿದರೆ ನೆನಪಾದ ಕೂಡಲೇ ಅದನ್ನು ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೆ ಸೇವಿಸಬೇಕು. ಎರಡು ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ ಕೂಡಲೇ ಒಂದನ್ನು ನುಂಗಿ, ಉಳಿದವನ್ನು ಕ್ರಮದಂತೆ ಮುಂದುವರಿಸುತ್ತ, ಏಳು ದಿನಗಳವರೆಗೆ ಕಾಂಡೋಮಿನ ಆಶ್ರಯ ಪಡೆಯಬೇಕು. ನುಂಗಿದ ಕೆಲವೇ ಗಂಟೆಗಳಲ್ಲಿ ವಾಂತಿಯಾದರೆ, ಅಥವಾ ತೀವ್ರವಾದ ಭೇದಿಯಿದ್ದರೆ, ಗುಳಿಗೆ ಮೈಗೆ ಸೇರಲಿಲ್ಲವೆಂದೇ ತಿಳಿಯಬೇಕು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೈನ್, ಫಿನೋಬಾರ್ಬಿಟೋನ್ ಮೊದಲಾದ ಔಷಧಗಳು ಯಕೃತ್ತಿನಲ್ಲಿ ಹಾರ್ಮೋನನ್ನು ಶೀಘ್ರವಾಗಿ ಕರಗಿಸುವುದರಿಂದ ಸ್ರಾವವನ್ನೂ ತರುತ್ತವೆ, ರಕ್ಷಣೆಯನ್ನೂ ಕುಂದಿಸುತ್ತವೆ. ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ಮಾತನ್ನು ಕ್ಷಯಕ್ಕೆ ಚಿಕಿತ್ಸೆ ಕೊಡುವ ವೈದ್ಯರೂ ಗುಳಿಗೆ ಕೊಡುವ ವೈದ್ಯರೂ ನೆನಪಿನಲ್ಲಿಡಬೇಕು.

ಸ್ರಾವ ಬಾರದೆ ಹೋಗುವುದು ಇದಕ್ಕೆ ವಿರುದ್ಧವಾದ ಕಳವಳ. ಒಳಪದರವು ತೀರ ತೆಳುವಾದಾಗ ಹೊರಬೀಳಲು ಏನೂ ಉಳಿದಿರುವುದಿಲ್ಲ. ಕೆಟ್ಟ ರಕ್ತ ಹೊಟ್ಟೆಯೊಳಗೇ ನಿಂತು ವಿಷವಾಗುವುದೆಂಬ ನಂಬಿಕೆಗೆ ಆಧಾರವಿಲ್ಲ. ಗುಳಿಗೆ ತಪ್ಪಿದ್ದರೆ ಅಥವಾ ಸತತವಾಗಿ ಎರಡು ತಿಂಗಳು ಸ್ರಾವ ಬಾರದಿದ್ದರೆ ಆಶಾ ಕಾರ್ಯಕರ್ತೆಯ ಬಳಿ ದೊರೆಯುವ ಗರ್ಭಪರೀಕ್ಷೆಯ ನಿಶ್ಚಯ್ ಕಿಟ್‌ನಿಂದ ಮೂತ್ರಪರೀಕ್ಷೆ ಮಾಡಿಕೊಂಡು ಸಂದೇಹ ಪರಿಹರಿಸಿಕೊಳ್ಳುವುದು ವಿಹಿತ. ಗುಳಿಗೆ ನಿಲ್ಲಿಸಿದ ಮೇಲೆ ಸ್ವಾಭಾವಿಕ ಮುಟ್ಟು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳೊಳಗೆ ಮರಳುತ್ತದೆ. ಬಂಜೆತನ ಬರುವುದೆಂಬ ಭಯ ನಿರಾಧಾರ.

ಎಲ್ಲ ಗುಳಿಗೆಗಳ ವರ್ತನೆಯೂ ಒಂದೇ ಅಲ್ಲ. ಪ್ರೊಜೆಸ್ಟರೋನ್ ಜಾತಿಯ ಹಾರ್ಮೋನನ್ನು ಮಾತ್ರ ಹೊಂದಿದ ಗುಳಿಗೆಯು ಹಾಲೂಡಿಸುವ ತಾಯಂದಿರಿಗೆ ಸೂಕ್ತವಾದದ್ದು. ಅದರಲ್ಲಿ ಈಸ್ಟ್ರೋಜೆನ್ ಇಲ್ಲವಾದ್ದರಿಂದ ಸ್ರಾವದ ಅನಿಯಮ ಹೆಚ್ಚು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನಲ್ಲಿ ಮೊದಲು ಅನಿಯತ ಸ್ರಾವ, ತರುವಾಯ ಬಹುಮಂದಿಗೆ ಸ್ರಾವವೇ ನಿಲ್ಲುವುದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು, ಸಹೇಲಿ ಎಂಬ ಹೆಸರಿನಲ್ಲಿ 1991ರಲ್ಲಿ ಮಾರುಕಟ್ಟೆಗೆ ಬಂದು, ಈಗ ಛಾಯಾ ಎಂಬ ಹೆಸರಿನಿಂದ ಉಚಿತವಾಗಿ ದೊರೆಯುವ ಗುಳಿಗೆಯು ಹಾರ್ಮೋನಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದರಂತೆ ಸೇವಿಸುವ ಇದರಲ್ಲಿ ಕೆಲವರಿಗೆ ಮುಟ್ಟು ತಡವಾಗುತ್ತದೆ. ಹದಿನೈದು ದಿನ ಮೀರಿದರೆ ಗರ್ಭಪರೀಕ್ಷೆ ಮಾಡಿಸಬೇಕು. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ದೊರೆಯುವ ತುರ್ತು ಗುಳಿಗೆಯನ್ನು ತಿಂಗಳಿಗೆ ಎರಡು ಮೂರು ಬಾರಿ ನುಂಗಿ, ಮುಟ್ಟು ಸಂಪೂರ್ಣ ಅಸ್ತವ್ಯಸ್ತವಾದ ಮೇಲೆ ಗಾಬರಿಗೊಳ್ಳುವ ತರುಣಿಯರು ನಗರಗಳಲ್ಲಿ ಹೆಚ್ಚುತ್ತಿದ್ದಾರೆ. ಅದು ಆಪತ್ಕಾಲಕ್ಕೇ ಹೊರತು ನಿತ್ಯಸೇವನೆಗಲ್ಲ. ಹಬ್ಬಕ್ಕೆಂದೋ ಮದುವೆಗೆಂದೋ ಮುಟ್ಟನ್ನು ಮುಂದೂಡಲು ನುಂಗುವ ಗುಳಿಗೆ ಇವೆಲ್ಲಕ್ಕಿಂತ ಬೇರೆ. ಅದನ್ನು ಗರ್ಭನಿರೋಧಕವೆಂದು ನಂಬಿ ಕೂರಲಾಗದು.

ಇನ್ನು ಪರಿಹಾರದ ಮಾತು. ಮೊದಲ ಮೂರು ತಿಂಗಳ ಅಲ್ಪಸ್ರಾವಕ್ಕೆ ಉತ್ತಮ ಚಿಕಿತ್ಸೆಯೆಂದರೆ ಗುಳಿಗೆಯನ್ನು ತಪ್ಪದೆ ಮುಂದುವರಿಸುವುದು. ನಡುವೆ ನಿಲ್ಲಿಸಿದರೆ ಸ್ರಾವ ಇನ್ನಷ್ಟು ಹೆಚ್ಚುತ್ತದೆ. ಮನಸ್ಸಿಗೆ ತೋರಿದಂತೆ ದಿನಕ್ಕೆರಡು ನುಂಗುವುದೂ ಸಲ್ಲದು. ಸ್ರಾವ ತೊಂದರೆ ಕೊಡುವಷ್ಟಿದ್ದರೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಐಬುಪ್ರೊಫೆನ್‌ನಂತಹ ಔಷಧವನ್ನು ಕೊಡಬಹುದು. ಮೂರು ತಿಂಗಳಾದರೂ ನಿಲ್ಲದಿದ್ದರೆ ಬೇರೊಂದು ಸಂಯೋಜನೆಯ ಗುಳಿಗೆಗೆ ಬದಲಾಯಿಸಬಹುದು. ಆದರೆ ಹಲವು ತಿಂಗಳು ಸುಸೂತ್ರವಾಗಿದ್ದವಳಲ್ಲಿ ಹಠಾತ್ತಾಗಿ ಸ್ರಾವ ಆರಂಭವಾದರೆ, ಸಂಭೋಗಾನಂತರ ರಕ್ತ ಕಂಡರೆ, ದುರ್ಗಂಧದ ಬಿಳಿಸೆರಗು, ಜ್ವರ, ಕೆಳಹೊಟ್ಟೆಯ ನೋವು ಜೊತೆಗೂಡಿದರೆ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಹೋದರೆ, ಗುಳಿಗೆಯನ್ನೇ ದೂರುತ್ತ ಕೂರದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕು, ಗರ್ಭಕಂಠದ ರೋಗ, ಗರ್ಭಾಶಯದ ಗೆಡ್ಡೆ, ಗರ್ಭಾಶಯದ ಹೊರಗೆ ನಿಂತ ಗರ್ಭ ಇವುಗಳಲ್ಲಿ ಯಾವುದಾದರೂ ಇದ್ದೀತು. ಕಾಲಿನ ಒಂದು ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು, ಉಸಿರಾಟದ ಕಷ್ಟ, ಹಿಂದೆಂದೂ ಕಾಣದ ತಲೆನೋವು, ಕಣ್ಣು ಮಂಜಾಗುವುದು ಇವು ಆಸ್ಪತ್ರೆಗೆ ತತ್‌ಕ್ಷಣ ಹೋಗಬೇಕಾದ ಲಕ್ಷಣಗಳು. ಗುಳಿಗೆ ಸೇವಿಸದ 10,000 ಸ್ತ್ರೀಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೂ, ಲೆವೊನಾರ್ಜೆಸ್ಟ್ರೆಲ್ ಸಂಯುಕ್ತ ಗುಳಿಗೆ ಸೇವಿಸುವ ಅಷ್ಟೇ ಮಂದಿಯಲ್ಲಿ 5ರಿಂದ 7 ಮಂದಿಗೂ ರಕ್ತ ಹೆಪ್ಪುಗಟ್ಟುವ ಸಂಭವವಿದೆಯೆಂದು ಯುರೋಪಿನ ಔಷಧ ನಿಯಂತ್ರಕರು ಲೆಕ್ಕಹಾಕಿದ್ದಾರೆ. ಅಪಾಯ ವಿರಳ, ಆದರೆ ಶೂನ್ಯವಲ್ಲ. ಹೀಗಾಗಿ 35 ವರ್ಷ ದಾಟಿದ ಧೂಮಪಾನಿಗಳು, ಅಧಿಕ ರಕ್ತದೊತ್ತಡವುಳ್ಳವರು, ಕಣ್ಣೆದುರು ಮಿಂಚು ಕಾಣಿಸಿ ಬರುವ ಅರೆತಲೆನೋವಿನವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಸ್ತನದ ಕ್ಯಾನ್ಸರ್ ಇದ್ದವರು ಸಂಯುಕ್ತ ಗುಳಿಗೆಯನ್ನು ಆರಂಭಿಸಲೇಬಾರದು.

ಇಷ್ಟೆಲ್ಲ ತಿಳಿದಿದ್ದರೂ ಸಮಸ್ಯೆ ಬಗೆಹರಿಯದಿರಲು ಕಾರಣ ದೇಹಕ್ಕಿಂತ ಹೆಚ್ಚಾಗಿ ಸಮಾಜದಲ್ಲಿದೆ. ಮುಟ್ಟಾದವಳು ದೇವರ ಮನೆಗೆ, ಅಡುಗೆ ಮನೆಗೆ ಹೋಗಬಾರದೆಂಬ ಕಟ್ಟುಪಾಡು ಇಂದಿಗೂ ಅಸಂಖ್ಯ ಮನೆಗಳಲ್ಲಿ ಉಂಟು; ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಆಕೆ ಹಟ್ಟಿಯ ಹೊರಗೆ ಇರಬೇಕಾದ ಪದ್ಧತಿ ಪೂರ್ಣವಾಗಿ ಅಳಿದಿಲ್ಲ. ತಿಂಗಳಿಗೊಮ್ಮೆ ಬರುವ ಮುಟ್ಟಿಗೆ ಹೊಂದಿಕೊಂಡಿರುವ ಇಂಥ ಮನೆಯಲ್ಲಿ, ಹತ್ತು ದಿನಕ್ಕೊಮ್ಮೆ ಕಲೆ ಕಾಣಿಸಿಕೊಳ್ಳುವ ಸೊಸೆಯ ಪಾಡೇನು? ಅವಳು ಪ್ರತಿಬಾರಿಯೂ ಹೊರಗಾಗಬೇಕು, ಅತ್ತೆಗೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಯದಂತೆ ನುಂಗುತ್ತಿದ್ದ ಗುಳಿಗೆಯ ಗುಟ್ಟು ರಟ್ಟಾಗಬೇಕು. ವೈದ್ಯಶಾಸ್ತ್ರಕ್ಕೆ ಉಪೇಕ್ಷಣೀಯವಾದ ಎರಡು ಹನಿ ರಕ್ತವು ಅವಳ ಪಾಲಿಗೆ ಮನೆಯ ಶಾಂತಿಯನ್ನೇ ಕದಡುವ ಪ್ರಸಂಗವಾಗುತ್ತದೆ. "ಇದೇನೂ ಅಲ್ಲ, ಹೋಗಮ್ಮ" ಎಂದು ಗದರಿ ಕಳುಹಿಸುವವರು ಈ ಭಾರವನ್ನು ಅರಿಯರು.

ಮುಂಚಿತವಾಗಿ ತಿಳಿಸಿ ಹೇಳುವುದರ ಫಲವೇನೆಂಬುದು ಪರೀಕ್ಷಿತವಾದ ವಿಷಯ. ಚುಚ್ಚುಮದ್ದಿನ ಗರ್ಭನಿರೋಧಕದ ಬಗ್ಗೆ ಚೀನಾ ಮತ್ತು ಮೆಕ್ಸಿಕೋ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಸ್ರಾವದ ವ್ಯತ್ಯಾಸವನ್ನು ಮೊದಲೇ ವಿವರವಾಗಿ ತಿಳಿದುಕೊಂಡಿದ್ದ ಸ್ತ್ರೀಯರು, ತಿಳಿಯದವರಿಗಿಂತ ಬಹು ಹೆಚ್ಚಿನ ಸಂಖ್ಯೆಯಲ್ಲಿ ಆ ಉಪಾಯವನ್ನು ಮುಂದುವರಿಸಿದರು. ಎರಡು ಗುಂಪಿಗೂ ಕೊಟ್ಟ ಔಷಧ ಒಂದೇ, ಆದ ಸ್ರಾವವೂ ಅದೇ; ಬೇರೆಯಾದುದು ಮೊದಲೇ ಆಡಿದ ಮಾತು ಮಾತ್ರ. ಗುಳಿಗೆಯ ವಿಷಯದಲ್ಲಿಯೂ ಇದೇ ನ್ಯಾಯ ಅನ್ವಯಿಸುವುದೆಂಬುದು ನನ್ನ ದೃಢವಾದ ಅಭಿಪ್ರಾಯ. ಪೋರ್ಟೊ ರಿಕೊದಲ್ಲಿ ಸ್ತ್ರೀಯರ ದೂರನ್ನು ಕಲ್ಪನೆಯೆಂದು ತಳ್ಳಿಹಾಕಿದ ಮನೋಭಾವ, ಮಾತಿಲ್ಲದೆ ಪಟ್ಟಿಯನ್ನು ಕೈಗಿಡುವ ಇಂದಿನ ಅವಸರದಲ್ಲಿ ಬೇರೆ ರೂಪದಿಂದ ಉಳಿದುಕೊಂಡಿದೆ.

ಆದುದರಿಂದ ಗುಳಿಗೆ ಕೊಡುವ ವೈದ್ಯರಲ್ಲಿ, ದಾದಿಯರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ನನ್ನ ವಿನಂತಿಯಿಷ್ಟೇ: ಪಟ್ಟಿಯನ್ನು ಕೊಡುವ ಮುನ್ನ ಐದು ನಿಮಿಷ ಕುಳಿತು, "ಮೊದಲ ಮೂರು ತಿಂಗಳು ನಡುನಡುವೆ ಕಲೆ ಕಾಣಿಸಬಹುದು, ಹೆದರಬೇಡಿ, ನಿಲ್ಲಿಸಬೇಡಿ, ಇಂಥಿಂಥ ಲಕ್ಷಣ ಕಂಡರೆ ತಡಮಾಡದೆ ಬನ್ನಿ" ಎಂದು ಹೇಳಿರಿ, ಸಾಧ್ಯವಾದರೆ ಗಂಡನಿಗೂ ಹೇಳಿರಿ. ಗುಳಿಗೆ ಸೇವಿಸುವ ಸಹೋದರಿಯರಲ್ಲಿ ವಿನಂತಿ: ಸ್ರಾವ ಕಂಡ ದಿನವನ್ನೂ ಗುಳಿಗೆ ತಪ್ಪಿದ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿಟ್ಟು ವೈದ್ಯರಿಗೆ ತೋರಿಸಿರಿ, ಕೇಳಲು ನಾಚಬೇಡಿರಿ, ಮೂರು ತಿಂಗಳಾದರೂ ಹೊಂದದ ಗುಳಿಗೆಯನ್ನು ಬದಲಾಯಿಸಿಕೊಡಿರೆಂದು ಕೇಳುವುದು ನಿಮ್ಮ ಹಕ್ಕೆಂಬುದನ್ನು ಮರೆಯಬೇಡಿರಿ.